ಒಂದು ತೊಲೆಯ ಗುಂಡು

ಬಂದೂಕನ್ನು ಕೈಯಲ್ಲಿ ಹಿಡಿದು ನೋಡದವರು ಗುಂಡಿನ ತೂಕದ ಕಥೆ ಹೇಳಲು ಕೂರುವುದು ಅಧಿಕಪ್ರಸಂಗವೇ. ತಿಳಿದವರು ಓದಿ ನಕ್ಕರೆ ನಗಲಿ, ತಪ್ಪು ಕಂಡರೆ ತಿದ್ದಿಕೊಳ್ಳಲಿ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆಯ ನೀತಾ ಕೂಡ ಬಂದೂಕು ಮುಟ್ಟಿದವಳಲ್ಲ. ಅವಳು ಗುಂಡಿನ ವಿಷಯ ಬರೆದದ್ದು ಸಂಬಳಕ್ಕೆ, ಅದೂ ಅಮೆರಿಕದವರಿಗೆ. ಅವಳ ಧೈರ್ಯಕ್ಕೆ ಹೋಲಿಸಿದರೆ ನನ್ನದು ದೊಡ್ಡದಲ್ಲ ಎಂದುಕೊಂಡು ಶುರು ಮಾಡುತ್ತೇನೆ.

ನೀತಾಳ ಮನೆ ನಿಗಡಿಯಲ್ಲಿ, ಕೆಲಸ ಹಿಂಜವಾಡಿಯಲ್ಲಿ. ಬೆಳಗ್ಗೆ ಆರೂವರೆಗೆ ಕಂಪನಿಯ ಗಾಡಿ ಬಂದು ಸೊಸೈಟಿಯ ಗೇಟಿನಲ್ಲಿ ಹಾರ್ನ್ ಹೊಡೆಯುವುದರೊಳಗೆ ಅವಳು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಹಣೆಗೆ ವಿಭೂತಿ ಎಳೆದುಕೊಂಡು ನಿಂತಿರುತ್ತಿದ್ದಳು. ಕಂಪನಿಯ ಕೆಲಸ ಇಷ್ಟೇ. ಅಮೆರಿಕದಲ್ಲಿ ಬೇಟೆಯ ಸಾಮಾನು ಮಾರುವ ಒಂದು ಅಂಗಡಿಯಿದೆ. ಅದರ ಗಿರಾಕಿಗಳು ರಾತ್ರಿ ಊಟ ಮಾಡಿ ಪ್ರಶ್ನೆ ಬರೆದು ಮಲಗುತ್ತಾರೆ. ಅವರು ಏಳುವುದರೊಳಗೆ ಇಲ್ಲಿ ಹನ್ನೆರಡು ಮಂದಿ ಕುಳಿತು ಉತ್ತರ ಬರೆದಿರಬೇಕು. ಒಬ್ಬರಿಗೆ ಬೂಟು, ಒಬ್ಬರಿಗೆ ಗುಡಾರ, ಒಬ್ಬರಿಗೆ ದುರ್ಬೀನು ಎಂದು ಹಂಚಿಕೆಯಾಗಿತ್ತು. ಕೊನೆಗೆ ಸೇರಿದ ನೀತಾಳಿಗೆ ಯಾರಿಗೂ ಬೇಡವಾದದ್ದು ಉಳಿದಿತ್ತು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಮೇಲೆ ಗುಂಡಿಟ್ಟು, ಉದ್ದನೆಯ ಕೋಲಿನಿಂದ ಜಡಿದು ತುಂಬುವ ಹಳೆಯ ನಮೂನೆಯ ಬಂದೂಕುಗಳ ವಿಭಾಗ ಅದು. ಒಮ್ಮೆ ತುಂಬಿದರೆ ಒಂದೇ ಗುಂಡು. ಇಂಥ ಬಂದೂಕಿನಿಂದ ಜಿಂಕೆ ಹೊಡೆಯುವುದಕ್ಕೆಂದೇ ಅಲ್ಲಿ ಡಿಸೆಂಬರಿನಲ್ಲಿ ಬೇರೆ ದಿನಗಳನ್ನು ಗೊತ್ತುಮಾಡಿದ್ದಾರಂತೆ.

ಮೊದಲ ದಿನ ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಕಾಶವ್ವ ಒಲೆಯ ಮೇಲಿನ ಹಾಲನ್ನೂ ಮರೆತು ಸೊಸೆಯ ಮುಖ ನೋಡಿದ್ದಳು.

"ಮೊಟ್ಟಿ ಮುಟ್ಟಲಾರದ ಮನಿ ಸೊಸಿ ಅಮೆರಿಕಾದಾಗ ಚಿಗರಿ ಹೊಡಸ್ತಾಳ. ಬೀಗರಿಗೆ ಏನಂತ ಹೇಳ್ಲಿ?"

"ಕಂಪ್ಯೂಟರ್ ಕೆಲಸ ಅಂತ ಹೇಳ್ರಿ, ಅತ್ತಿ," ಎಂದಿದ್ದಳು ನೀತಾ. ಅದಾದ ಮೇಲೆ ಬೀಗರು ಯಾರು ಕೇಳಿದರೂ ಕಾಶವ್ವ ಹಾಗೆಯೇ ಹೇಳುತ್ತಿದ್ದಳು. ಆದರೆ ಮನೆಯಲ್ಲಿ ಮಾತ್ರ ಚಿಗರಿಯ, ಅಂದರೆ ಜಿಂಕೆಯ, ಮಾತು ಬಿಟ್ಟಿರಲಿಲ್ಲ.

ನೀತಾ ಓದಿದ್ದು ಆಕುರ್ಡಿಯ ಸಂಜೆ ಕಾಲೇಜಿನಲ್ಲಿ. ಹಗಲು ಒಂದು ಸ್ಟೇಷನರಿ ಅಂಗಡಿಯಲ್ಲಿ ನಿಂತು, ಸಂಜೆ ಆರರ ನಂತರ ಕಲಿತ ಇಂಗ್ಲಿಷು ಹಗಲಿನಲ್ಲಿ ಕಲಿತವರ ಇಂಗ್ಲಿಷಿಗಿಂತ ಒಂದು ಕೈ ಕಡಿಮೆ ಎಂಬ ಅಳುಕು ಅವಳಿಗೆ. ಆ ಅಳುಕಿನಿಂದ ಒಂದೊಂದು ಉತ್ತರವನ್ನೂ ಮೂರು ಸಲ ಓದಿ ಕಳಿಸುತ್ತಿದ್ದಳು. ಕಂಪನಿಯ ನಿಯಮ ಕಟ್ಟುನಿಟ್ಟು: ಆರು ತಿಂಗಳು ಪರೀಕ್ಷೆಯ ಕಾಲ. ಕಳಿಸಿದ ಉತ್ತರವನ್ನು ತಿದ್ದಿ ಮತ್ತೆ ಕಳಿಸಬೇಕಾಗಿ ಬಂದರೆ ಒಂದು ಕೆಂಪು ಗುರುತು. ಮೂರಾದರೆ ಕೆಲಸ ಕಾಯಂ ಆಗುವುದಿಲ್ಲ. ನೀತಾಳಿಗೆ ಆಗಲೇ ಎರಡು ಬಿದ್ದಿದ್ದವು. ಅವುಗಳಲ್ಲೊಂದು, ಒಂದೇ ಪತ್ರದಲ್ಲಿ ಐದು ಸಲ ಕ್ಷಮೆ ಕೇಳಿ, ಅದನ್ನು ತಿದ್ದಿ ಕಳಿಸಬೇಕಾಗಿ ಬಂದದ್ದಕ್ಕೆ. ಪರಿಶೀಲನೆ ನಡೆಯುವ ಆರನೆಯ ತಿಂಗಳ ಕೊನೆಯ ಶುಕ್ರವಾರ ಇನ್ನು ನಾಲ್ಕು ದಿನ ದೂರವಿತ್ತು.

ಆ ಸೋಮವಾರ ವಾಲ್ಟರ್ ಎಂಬ ಮುದುಕನ ಪತ್ರ ಬಂತು. ಎಪ್ಪತ್ತೊಂಬತ್ತು ವರ್ಷ. ಬಂದೂಕು ಅವನ ಅಪ್ಪನದು. ಇಷ್ಟು ವರ್ಷ ಅಣ್ಣ ಮದ್ದು-ಗುಂಡು ತುಂಬಿ ಕೊಡುತ್ತಿದ್ದ, ಇವನು ಹೊಡೆಯುತ್ತಿದ್ದ. ಅಣ್ಣ ಕಳೆದ ಚಳಿಗಾಲದಲ್ಲಿ ತೀರಿಹೋದ. ನಳಿಗೆಯ ಬಾಯಿ ಅರ್ಧ ಇಂಚು, ಒಳಗಿನ ಗೀರುಗಳು ಅರವತ್ತಾರು ಇಂಚಿಗೆ ಒಂದು ಸುತ್ತು ಬರುತ್ತವೆ ಎಂದು ಬರೆದಿದ್ದ. ಶನಿವಾರ ಬೇಟೆ ಶುರು. "ನನಗೆ ಸಿಗುವುದು ಒಂದೇ ಗುಂಡು. ಜಿಂಕೆ ನರಳಬಾರದು. ಯಾವ ತೂಕದ ಗುಂಡು ತೆಗೆದುಕೊಳ್ಳಲಿ?" ಎಂಬುದು ಅವನ ಪ್ರಶ್ನೆ.

ಕಂಪನಿ ಕೊಟ್ಟ ಸಿದ್ಧ ಉತ್ತರಗಳ ಪಟ್ಟಿಯಲ್ಲಿ ಜಿಂಕೆಯ ಮುಂದೆ ಇನ್ನೂರೈವತ್ತರಿಂದ ಮುನ್ನೂರು ಗ್ರೇನ್ ಎಂದಿತ್ತು. ಗ್ರೇನ್ ಎಂದರೆ ಒಂದು ಕಾಳಿನಷ್ಟು ತೂಕ. ಅಲ್ಲಿಯವರು ಗುಂಡನ್ನು ಅದರಲ್ಲೇ ತೂಗುತ್ತಾರೆ. ಸುತ್ತಿನ ಮಾತು ನೀತಾಳಿಗೆ ಅರ್ಥವಾಗಲಿಲ್ಲ. ಪಟ್ಟಿಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಆದರೆ "ನರಳಬಾರದು" ಎಂಬ ಮಾತು ಅವಳ ಮನಸ್ಸನ್ನು ಹಿಡಿಯಿತು. ಭಾರ ಹೆಚ್ಚಾದಷ್ಟು ಪ್ರಾಣ ಬೇಗ ಹೋದೀತು, ಪಾಪದ ಜೀವಕ್ಕೆ ಅಷ್ಟಾದರೂ ಆಗಲಿ ಎಂದುಕೊಂಡು ಎಲ್ಲಕ್ಕಿಂತ ಭಾರದ್ದನ್ನು, ಮುನ್ನೂರು ಗ್ರೇನಿನ ಉದ್ದನೆಯ ಗುಂಡನ್ನು, ತೆಗೆದುಕೊಳ್ಳಿ ಎಂದು ಬರೆದಳು. ಮೂರು ಸಲ ಓದಿ ಕಳಿಸಿದಳು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಗಾಡಿಯಲ್ಲಿ ನಿದ್ದೆಯನ್ನೂ ಮಾಡಿದಳು.

ಮನೆಯಲ್ಲಿ ಮಾವ ರಾಮಲಿಂಗಪ್ಪ ದಾರಿ ಕಾಯುತ್ತಿದ್ದ. ಪಿಂಪ್ರಿಯಲ್ಲಿ ನಲವತ್ತು ವರ್ಷ ತಕ್ಕಡಿ ರಿಪೇರಿಯ ಅಂಗಡಿ ಇಟ್ಟವನು. ಬ್ಯಾಟರಿಯ ತಕ್ಕಡಿಗಳು ಬಂದು ಹಿತ್ತಾಳೆಯ ತಕ್ಕಡಿಗಳು ಮೂಲೆ ಸೇರಿದ ಮೇಲೆ ಅಂಗಡಿ ಮುಚ್ಚಿ, ಒಂದೇ ಒಂದನ್ನು ತಂದು ಟಿ.ವಿ.ಯ ಪಕ್ಕದಲ್ಲಿ ಇಟ್ಟುಕೊಂಡಿದ್ದ. ಸಂಜೆಯ ಧಾರಾವಾಹಿಗಿಂತ ಅವನಿಗೆ ಸೊಸೆಯ ಕಚೇರಿಯ ಪ್ರಶ್ನೆಗಳ ಮೇಲೆ ಪ್ರೀತಿ. ಅದಕ್ಕೂ ಕಾರಣವಿತ್ತು. ಚಿಕ್ಕಂದಿನಲ್ಲಿ ಖಾನಾಪುರದ ಕಡೆ ಸೋದರಮಾವನ ಮನೆಯಲ್ಲಿ ಬೆಳೆದವನು. ಆ ಮಾವನಲ್ಲಿ ಕಬ್ಬಿನ ಹೊಲಕ್ಕೆ ಬರುವ ಕಾಡುಹಂದಿ ಓಡಿಸಲು ಲೈಸೆನ್ಸಿನ ಬಂದೂಕಿತ್ತು, ಅದೂ ಬಾಯಿಂದ ತುಂಬುವುದೇ. ಹೊಡೆದದ್ದಕ್ಕಿಂತ ಬೆದರಿಸಿದ್ದೇ ಹೆಚ್ಚು. ಸೀಸ ಕಾಯಿಸಿ ಗುಂಡು ಎರೆಯುವುದು, ಎರೆದದ್ದನ್ನು ತೂಗಿ ಸರಿ ಇರುವುದನ್ನು ಆರಿಸುವುದು ರಾಮಲಿಂಗಪ್ಪನ ಪಾಲಿಗೆ ಬಂದಿತ್ತು. ತಕ್ಕಡಿಯ ಹುಚ್ಚು ಹತ್ತಿದ್ದೇ ಅಲ್ಲಿ ಎಂದು ಅವನು ಹೇಳುವುದುಂಟು.

ನೀತಾ ಮುದುಕನ ಪತ್ರವನ್ನು ಬಾಯಿಪಾಠ ಒಪ್ಪಿಸಿದಳು. ಅರವತ್ತಾರು ಇಂಚಿನ ಮಾತು ಬಂದದ್ದೇ ರಾಮಲಿಂಗಪ್ಪ ಚಹಾದ ಬಸಿಯನ್ನು ಕೆಳಗಿಟ್ಟ.

"ಅಂದ್ರ ಐದೂವರಿ ಫೂಟಿಗೆ ಒಂದು ಸುತ್ತು. ಖರೇ ಹೇಳ್ತೀಯಲ್ಲ?"

ಹೌದೆಂದಳು. ಅವನು ವಿವರಿಸಿ ಹೇಳಿದ. ತನ್ನ ಸೋದರಮಾವನ ಬಂದೂಕಿನ ನಳಿಗೆ ಒಳಗೆ ಪೂರಾ ಸಪಾಟಾಗಿತ್ತು, ಗೀರು ಎಂಬುದೇ ಇರಲಿಲ್ಲ. ಭಾರ ಇರಲಿ ಎಂದು ಒಮ್ಮೆ ಯಾರೋ ಉದ್ದನೆಯ ಗುಂಡು ಎರೆದು ಹೊಡೆದಿದ್ದರು. ಅದು ಗಾಳಿಯಲ್ಲಿ ಪಲ್ಟಿ ಹೊಡೆದು, ಗುರಿ ಇಟ್ಟ ಹಲಗೆಯ ಅಂಚಿಗೆ ಅಡ್ಡಡ್ಡ ಬಡಿದಿತ್ತು. ಗೀರುಗಳಿರುವುದು ಗುಂಡನ್ನು ತಿರುಗಿಸಲು. ಬುಗುರಿ ಉದ್ದ ಇದ್ದಷ್ಟೂ ಜೋರಾಗಿ ತಿರುಗಿದರೆ ಮಾತ್ರ ನಿಲ್ಲುತ್ತದೆ. ಇಷ್ಟು ನಿಧಾನದ ಸುತ್ತಿನ ನಳಿಗೆ ಉದ್ದ ಗುಂಡಿನದಲ್ಲ.

"ಅದು ದುಂಡ ಗುಂಡಿನ ಬಂದೂಕ, ತಂಗಿ. ನೀ ಹೇಳಿದ್ದು ಹಾಕಿದ್ರ ಎದಿಗೆ ಗುರಿ ಇಟ್ಟದ್ದು ಹೊಟ್ಟಿಗೆ ಬೀಳ್ತದ. ಹೊಟ್ಟಿಗೆ ಬಿದ್ದ ಚಿಗರಿ ಎರಡು ದಿನ ಸಾಯೂದಿಲ್ಲ."

ನೀತಾಳಿಗೆ ಕೈಯಲ್ಲಿದ್ದ ಲಟ್ಟಣಿಗೆ ಭಾರವಾಯಿತು. ನರಳಬಾರದೆಂದೇ ಅಲ್ಲವೇ ಅವಳು ಭಾರದ ಗುಂಡು ಆರಿಸಿದ್ದು? ಹೊಡೆಯುವುದೇ ತಪ್ಪಾಗಿರುವಾಗ ಇದರಲ್ಲಿ ನಮ್ಮ ಪಾಪ ಎಷ್ಟು, ಅವನ ಪಾಪ ಎಷ್ಟು ಎಂದು ಮಾವನನ್ನು ಕೇಳಿದಳು. ಅವನು ಅದಕ್ಕೂ ಲೆಕ್ಕದ ಮನುಷ್ಯನ ಉತ್ತರವನ್ನೇ ಕೊಟ್ಟ.

"ಅಂವ ಹೊಡಿಯಾಂವನ. ಅದು ನಮ್ಮ ಕೈಯಾಗಿಲ್ಲ. ಅದು ನರಳೂದು, ನರಳಲಾರದ್ದು, ಅಷ್ಟ ನಿನ್ನ ಕೈಯಾಗದ."

ಹಾಗಾದರೆ ಯಾವ ತೂಕ ಎಂದು ಅವಳು ಕೇಳಿದಳು. ಸೋದರಮಾವನ ಬಂದೂಕಿನ ಬಾಯಿಯೂ ಅರ್ಧ ಇಂಚೇ, ಗುಂಡಿಗೆ ಬಟ್ಟೆಯ ಚೂರು ಸುತ್ತಿ ಜಡಿಯುತ್ತಿದ್ದರು, ಗುಂಡು ಒಂದು ತೊಲೆ ತೂಗಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದ ರಾಮಲಿಂಗಪ್ಪ. ಒಂದು ತೊಲೆ. ನೀತಾ ಅದನ್ನು ಅಂಗೈಯ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ಮಂಗಳವಾರ ಕಚೇರಿಗೆ ಹೋದವಳೇ ಅಂಗಡಿಯ ದೊಡ್ಡ ಕೈಪಿಡಿ ತೆಗೆದು ಹುಡುಕಿದಳು. ನಿಧಾನ ಸುತ್ತಿನ ನಳಿಗೆಗೆ ದುಂಡು ಗುಂಡೇ ಸರಿ ಎಂಬ ಒಂದು ಸಾಲು ಕೊನೆಯ ಪುಟಗಳಲ್ಲಿ ಎಲ್ಲೋ ಇತ್ತು. ಮಾವ ಹೇಳಿದ್ದು ನಿಜ. ಅವಳು ಎದ್ದು ತಂಡದ ಮುಖ್ಯಸ್ಥೆ ರಂಜಿನಿಯ ಮೇಜಿಗೆ ಹೋದಳು. ರಂಜಿನಿ ಮೈಸೂರಿನ ಕಡೆಯ ಹುಡುಗಿ, ನೀತಾಳಿಗಿಂತ ಏಳು ವರ್ಷ ಚಿಕ್ಕವಳು. ಒಳ್ಳೆಯವಳೇ, ಆದರೆ ನಿಯಮ ಅವಳು ಮಾಡಿದ್ದಲ್ಲ.

"ನೀತಾ, ಫ್ರೈಡೇ ನಿಮ್ದು ರಿವ್ಯೂ ಇದೆ. ಇದು ಮೂರನೇದಾಗುತ್ತೆ. ಅವ್ರೇ ತಿಳ್ಕೊಂಡಿರ್ತಾರೆ ಬಿಡಿ, ಎಪ್ಪತ್ತೊಂಬತ್ತು ವರ್ಷ ಬೇರೆ."

ಅವರ ಅಣ್ಣ ಇದ್ದಿದ್ದರೆ ತಿಳಿದುಕೊಳ್ಳುತ್ತಿದ್ದರು, ಈಗ ಅಣ್ಣನ ಜಾಗದಲ್ಲಿ ನನ್ನನ್ನು ಕೇಳಿದ್ದಾರೆ ಎಂದಳು ನೀತಾ. ರಂಜಿನಿ ಅವಳನ್ನೇ ನೋಡಿ ಒಪ್ಪಿಗೆಯ ಗುಂಡಿ ಒತ್ತಿದಳು. ಕೆಂಪು ಗುರುತು ತಾನಾಗಿ ಬಿತ್ತು.

ನೀತಾ ತಿದ್ದುಪಡಿ ಬರೆದಳು. ಉದ್ದ ಗುಂಡು ಬೇಡ, ದುಂಡು ಗುಂಡು ತೆಗೆದುಕೊಳ್ಳಿ, ತೂಕ ನೂರಾ ಐವತ್ತನಾಲ್ಕು ಗ್ರೇನ್. ಒಂದೇ ಒಂದು ಸಲ ಕ್ಷಮೆ ಕೇಳಿ ಕಳಿಸಿದಳು. ಕೆಲಸ ಹೋದರೆ ಹೋಗಲಿ, ಸ್ಟೇಷನರಿ ಅಂಗಡಿ ಇದ್ದೇ ಇದೆ ಎಂದುಕೊಂಡಳು. ಆ ದಿನ ಡಬ್ಬಿಯಲ್ಲಿದ್ದ ಜುಣಕ ಎಂದಿಗಿಂತ ರುಚಿಯಾಗಿತ್ತು. ಸಂಜೆ ನಿಗಡಿಯಲ್ಲಿ ಗಾಡಿ ಇಳಿದವಳು ಮಾವನಿಗೆಂದು ಬಿಸಿ ಬಾಕರವಡಿಯನ್ನೂ ಕಟ್ಟಿಸಿಕೊಂಡು ಹೋದಳು.

ಬಾಕರವಡಿ ಮುರಿಯುತ್ತಾ ರಾಮಲಿಂಗಪ್ಪ, ಎಷ್ಟು ಗ್ರೇನ್ ಬರೆದೆ ಎಂದು ಸುಮ್ಮನೆ ಕೇಳಿದ. ಅವಳು ಹೇಳಿದಳು. ಅವನ ಕೈ ನಿಂತಿತು.

"ನೂರಾ ಐವತ್ತನಾಲ್ಕು ಎಲ್ಲಿಂದ ಬಂತು?"

"ಒಂದು ತೊಲಿ ಅಂದ್ರ ಹತ್ತು ಗ್ರಾಮಲ್ರಿ, ಮಾವಾರ. ಹತ್ತು ಗ್ರಾಮ್ ಅಂದ್ರ ನೂರಾ ಐವತ್ತನಾಲ್ಕು. ಫೋನಿನಾಗ ತಾಳೆ ನೋಡೇನಿ."

ರಾಮಲಿಂಗಪ್ಪ ಎದ್ದ. ಟಿ.ವಿ.ಯ ಪಕ್ಕದ ತಕ್ಕಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಊಟದ ಮೇಜಿನ ಮೇಲೆ ಇಟ್ಟ. ಹೆಂಡತಿಯ ಕಡೆ ತಿರುಗಿ, ಲಕ್ಷ್ಮೀಪೂಜೆಗೆ ಇಡುವ ಹಳೆಯ ಬೆಳ್ಳಿ ರೂಪಾಯಿ ಕೊಡು ಎಂದ. ದೀಪಾವಳಿ ಬಿಟ್ಟು ಅದನ್ನು ಹೊರಗೆ ತೆಗೆಯುವ ಪದ್ಧತಿ ಇಲ್ಲ ಎಂದಳು ಕಾಶವ್ವ. ಹೇಳುತ್ತಲೇ ಹೋಗಿ ತಂದಳು. ರಾಮಲಿಂಗಪ್ಪ ಒಂದು ತಟ್ಟೆಯಲ್ಲಿ ರೂಪಾಯಿ ಇಟ್ಟ, ಇನ್ನೊಂದರಲ್ಲಿ ಹತ್ತು ಗ್ರಾಮಿನ ತೂಕದ ಬಟ್ಟು. ಮೂವರೂ ನೋಡುತ್ತಿದ್ದಂತೆ ರೂಪಾಯಿಯ ತಟ್ಟೆ ನಿಧಾನವಾಗಿ ಕೆಳಗಿಳಿದು ಮೇಜಿಗೆ ತಾಗಿತು.

ಈಗಿನ ಚಿನ್ನದಂಗಡಿಯವರು ಹತ್ತು ಗ್ರಾಮಿಗೆ ತೊಲೆ ಎನ್ನುವುದು ಲೆಕ್ಕ ಸಲೀಸಾಗಲೆಂದು. ನೀತಾ ಹುಟ್ಟಿದ ಮೇಲೆ ಕಂಡದ್ದು, ಅವಳ ಮದುವೆಯ ಸರಕ್ಕೆ ಹಿಡಿದದ್ದು ಅದೇ. ರಾಮಲಿಂಗಪ್ಪ ಗುಂಡು ತೂಗಿದ್ದು ಈ ಬೆಳ್ಳಿ ರೂಪಾಯಿಯಂಥದ್ದನ್ನು ಎದುರಿಗಿಟ್ಟುಕೊಂಡು. ಹಳೆಯ ತೊಲೆ ಎಂದರೆ ಅದರ ತೂಕ: ಹನ್ನೊಂದೂವರೆ ಗ್ರಾಮಿಗಿಂತ ಚೂರು ಹೆಚ್ಚು, ಗ್ರೇನಿನಲ್ಲಿ ಸರಿಯಾಗಿ ನೂರಾ ಎಂಬತ್ತು. ತಕ್ಕಡಿಯ ಅಂಗಡಿಯವನ ಸೊಸೆಯಾಗಿ ತೊಲೆಯಲ್ಲೇ ತಪ್ಪಿದೆನಲ್ಲ ಎಂದು ನೀತಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಇದು ಮೊದಲಿನ ತಪ್ಪಿಗಿಂತ ಕೆಟ್ಟದ್ದು," ಎಂದ ರಾಮಲಿಂಗಪ್ಪ, ದನಿ ಏರಿಸದೆ. "ಗುಂಡು ಸಣ್ಣದಾತು ಅಂದ್ರ ನಳಗ್ಯಾಗ ಸಡಿಲ ಕೂಡ್ತದ. ಮದ್ದಿನ ಮ್ಯಾಲಿಂದ ಜಾರಿ ಮುಂದ ಬಂದ್ರ, ಹಂಗ ಹೊಡದ್ರ, ನಳಗಿ ಒಡೀಬಹುದು. ಚಿಗರಿ ಹೋಗ್ಲಿ, ಅಜ್ಜನ ಮಾರಿ-ಕಣ್ಣು ಉಳಿಬೇಕಲ್ಲ."

ಮತ್ತೆ, ತಪ್ಪು ನನ್ನದೂ ಹೌದು, ಯಾವ ತೊಲೆ ಅಂತ ನಾನು ಹೇಳಬೇಕಿತ್ತು ಎಂದು ಸೇರಿಸಿದ. ನಲವತ್ತು ವರ್ಷ ಗಿರಾಕಿಗಳಿಗೆ ಕೇಳಿದ ಮೊದಲ ಪ್ರಶ್ನೆಯೇ ಅದಂತೆ. ಮನೆಯವರಿಗೆ ಕೇಳುವುದನ್ನು ಮರೆತಿದ್ದ.

ಬುಧವಾರ ನೀತಾ ಮತ್ತೆ ರಂಜಿನಿಯ ಮೇಜಿನ ಮುಂದೆ ನಿಂತಳು. ತಿದ್ದುಪಡಿಗೆ ತಿದ್ದುಪಡಿ ಬೇಕೆಂದು ಆ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಗುಂಡಿಯೂ ಇರಲಿಲ್ಲ. ರಂಜಿನಿಯೇ ತನ್ನ ಹೆಸರಿನಿಂದ ದಾರಿ ತೆರೆದುಕೊಡಬೇಕಾಯಿತು. ನೀತಾ ಕಾರಣವನ್ನು ಮುಚ್ಚಿಡದೆ ಬರೆದಳು. ನಮ್ಮ ದೇಶದಲ್ಲಿ ಎರಡು ತೊಲೆಗಳಿವೆ, ನಾನು ತಪ್ಪಾದುದನ್ನು ಹಿಡಿದೆ, ನನ್ನ ಮಾವ ಬೆಳ್ಳಿಯ ನಾಣ್ಯ ತೂಗಿ ತೋರಿಸಿದರು, ಸರಿಯಾದದ್ದು ನೂರಾ ಎಂಬತ್ತರ ಆಸುಪಾಸು. ಅದನ್ನೂ ನನ್ನ ಮಾತಿನ ಮೇಲೆ ನಂಬಬೇಡಿ. ನಳಿಗೆಯ ಬಾಯಿ ಅಳೆಸಿ, ಬಟ್ಟೆಯ ಚೂರಿನೊಂದಿಗೆ ಬಿಗಿಯಾಗಿ ಕೂರುವ ದುಂಡು ಗುಂಡನ್ನೇ ಕೊಳ್ಳಿ. ಮದ್ದು ಎಷ್ಟೆಂದು ನಾನು ಹೇಳಲಾರೆ, ನಿಮ್ಮೂರಿನ ಅನುಭವಸ್ಥರನ್ನು ಕೇಳಿ.

ರಂಜಿನಿ ಓದಿ ಹಣೆ ಒತ್ತಿಕೊಂಡಳು.

"ಮಾವ, ಬೆಳ್ಳಿ ಕಾಯಿನ್ನು, ಇದೆಲ್ಲಾ ಬೇಕಾ ನೀತಾ? ಕ್ಲೈಂಟ್ ಓದ್ತಾರೆ."

"ಬೇಕ್ರಿ ಮೇಡಂ. ಎರಡು ಸಲ ತಪ್ಪು ಹೇಳಿದಾಕಿ ಮೂರನೇ ಸಲ ಬರೇ ಒಂದು ನಂಬರ್ ಕೊಟ್ರ, ಅವರು ಯಾಕ ನಂಬಬೇಕು?"

ರಂಜಿನಿ ಕಳಿಸುವ ಗುಂಡಿ ಒತ್ತಿದಳು. ಪತ್ರ ಹೋಯಿತು. ನಾಲ್ಕನೆಯ ಗುರುತೂ ಬಿತ್ತು.

ಗುರುವಾರ ಏನೂ ಬರಲಿಲ್ಲ. ರಾತ್ರಿಯ ಊಟಕ್ಕೆ ಕಾಶವ್ವ, ಯಾರೂ ಕೇಳದಿದ್ದರೂ, ಸೊಸೆಗೆ ಇಷ್ಟವಾದ ಹೋಳಿಗೆ ಮಾಡಿದ್ದಳು. ಅಮೆರಿಕಾದ ಅಜ್ಜ ಹೋಳಿಗಿ ತಿಂತಿದ್ದರ ಚಿಗರಿ ಉಳೀತಿತ್ತು ಎಂದು ಅವಳು ಹೇಳಿದ್ದಕ್ಕೆ ನೀತಾಳಿಗೂ ನಗು ಬಂತು.

ಶುಕ್ರವಾರ ಬೆಳಗ್ಗೆ ಕಂಪ್ಯೂಟರು ತೆರೆದಾಗ ವಾಲ್ಟರನ ಪತ್ರ ಕಾದಿತ್ತು. ಮೊದಲ ಉತ್ತರ ನಂಬಿ ಅವನು ಪಕ್ಕದ ಊರಿನ ಅಂಗಡಿಯಿಂದ ಆರು ಉದ್ದನೆಯ ಗುಂಡು ತಂದಿದ್ದ. ಹಿತ್ತಲಿನಲ್ಲಿ ಕಾಗದಕ್ಕೆ ಹೊಡೆದು ನೋಡಿದರೆ ಮೂರರಲ್ಲಿ ಎರಡು ಅಡ್ಡಡ್ಡ ತೂರಿ, ಕೀಲಿಕೈಯ ತೂತಿನಂಥ ಗುರುತು ಮಾಡಿದ್ದವು. ಬಂದೂಕು ಮುದಿಯಾಯಿತೋ ನಾನು ಮುದಿಯಾದೆನೋ ಎಂದು ಕುಳಿತಿದ್ದಾಗ ಎರಡನೆಯ ಪತ್ರ ಬಂತು. ನೂರಾ ಐವತ್ತನಾಲ್ಕರ ಗುಂಡನ್ನು ಕೇಳಿದರೆ ಅರ್ಧ ಇಂಚಿನ ಬಾಯಿಗೆ ಅಂಥದ್ದಿಲ್ಲವಲ್ಲ ಎಂದು ಅಂಗಡಿಯವನು ತಲೆ ಕೆರೆದುಕೊಂಡ. ಮೂರನೆಯದು ಬಂದ ಮೇಲೆ ಅಣ್ಣನ ಶೆಡ್ಡಿನಲ್ಲಿ ಹುಡುಕಾಡಿ ಅಪ್ಪನ ಕಾಲದ ಅಚ್ಚನ್ನು ಹೊರತೆಗೆದ. ಅದರಲ್ಲಿ ಎರೆದ ದುಂಡು ಗುಂಡು ತೂಗಿದರೆ ನೂರಾ ಎಪ್ಪತ್ತೇಳು. "ನಿಮ್ಮ ಮಾವನವರಿಗೆ ಹೇಳಿ, ಅವರ ನಾಣ್ಯಕ್ಕೂ ನನ್ನ ಅಪ್ಪನ ಅಚ್ಚಿಗೂ ಮೂರೇ ಕಾಳಿನ ವ್ಯತ್ಯಾಸ" ಎಂದು ಕೊನೆಯಲ್ಲಿ ಬರೆದಿದ್ದ.

ನೀತಾ ಅದನ್ನು ಮೂರಲ್ಲ, ಆರು ಸಲ ಓದಿದಳು.

ಮಧ್ಯಾಹ್ನದ ಪರಿಶೀಲನೆ ಹತ್ತು ನಿಮಿಷದಲ್ಲಿ ಮುಗಿಯಿತು. ನಾಲ್ಕು ಗುರುತುಗಳಿದ್ದವಳನ್ನು ಕಾಯಂ ಮಾಡಲು ನಿಯಮದಲ್ಲಿ ಜಾಗವಿರಲಿಲ್ಲ. ತೆಗೆದುಹಾಕಲು ರಂಜಿನಿ ಒಪ್ಪಲಿಲ್ಲ. ವಾಲ್ಟರನ ಪತ್ರವನ್ನು ಮೇಲಿನವರ ಮುಂದಿಟ್ಟು, ಪರೀಕ್ಷೆಯ ಕಾಲವನ್ನು ಇನ್ನೂ ಮೂರು ತಿಂಗಳು ಹಿಗ್ಗಿಸಿ ಬಂದಳು. ಜೊತೆಗೆ ಸಿದ್ಧ ಉತ್ತರಗಳ ಪಟ್ಟಿಯಲ್ಲಿ ಗುಂಡಿನ ತೂಕಕ್ಕಿಂತ ಮೊದಲು ಒಂದು ಹೊಸ ಸಾಲು ಸೇರಿತು: ನಳಿಗೆಯ ಸುತ್ತು ಎಷ್ಟೆಂದು ಮೊದಲು ಕೇಳಬೇಕು. ಅದನ್ನು ಬರೆಯುವ ಕೆಲಸವನ್ನು ರಂಜಿನಿ ನೀತಾಳಿಗೇ ಕೊಟ್ಟಳು. ನೀತಾ ಆ ಒಂದು ಸಾಲಿಗೆ ಮುಕ್ಕಾಲು ಗಂಟೆ ತೆಗೆದುಕೊಂಡಳು.

ಸಂಜೆ ಮಾವನಿಗೆ ಪತ್ರದ ಸುದ್ದಿ ಹೇಳಿದಾಗ ಅವನು ಮೂರು ಕಾಳಿನ ವ್ಯತ್ಯಾಸದ ಬಗ್ಗೆಯೇ ಬಹಳ ಹೊತ್ತು ಯೋಚಿಸಿದ. ನಾಣ್ಯ ಸವೆದಿದ್ದರೆ ನಾಣ್ಯ ಕಡಿಮೆ ತೂಗಬೇಕಿತ್ತು, ಹಾಗಾಗಿ ಅವರ ಅಚ್ಚೇ ಸ್ವಲ್ಪ ಸಣ್ಣದು ಎಂದು ತೀರ್ಮಾನಿಸಿ ತೃಪ್ತನಾದ. ಕಾಶವ್ವ ಬೆಳ್ಳಿ ರೂಪಾಯಿಯನ್ನು ಹಾಲಿನಲ್ಲಿ ತೊಳೆದು, ಒರೆಸಿ, ಪೂಜೆಯ ಡಬ್ಬಿಯಲ್ಲಿ ಇಟ್ಟಳು.

"ನಮ್ಮ ಲಕ್ಷ್ಮಿ ಅಮೆರಿಕಾಕ್ಕ ಹೋಗಿ ಬಂದಳು," ಎಂದಳು. ತಕ್ಕಡಿ ಮಾತ್ರ ಟಿ.ವಿ.ಯ ಪಕ್ಕಕ್ಕೆ ಹೋಗಲಿಲ್ಲ. ಊಟದ ಮೇಜಿನ ಒಂದು ಬದಿಯಲ್ಲೇ ಉಳಿಯಿತು.

ಶನಿವಾರ ಅಲ್ಲಿ ಹಿಮ ಬಿತ್ತೇ, ವಾಲ್ಟರನು ಕಾಡಿಗೆ ಹೋದನೇ, ಹೋಗಿದ್ದರೆ ಜಿಂಕೆ ಎದುರಾಯಿತೇ, ಎದುರಾಗಿದ್ದರೆ ಒಂದೇ ಗುಂಡಿಗೆ ಬಿತ್ತೇ ಅಥವಾ ಅವನು ನೋಡಿ ಬಂದೂಕು ಕೆಳಗಿಳಿಸಿ ಮನೆಗೆ ಬಂದನೇ, ಇದೊಂದೂ ನೀತಾಳಿಗೆ ತಿಳಿಯಲಿಲ್ಲ. ಅವನಿಂದ ಮತ್ತೆ ಪತ್ರ ಬರಲಿಲ್ಲ, ಅವಳೂ ಕೇಳಲಿಲ್ಲ. ನನಗೂ ಗೊತ್ತಿಲ್ಲ.